ವಿಜಯಪುರ ಮುಟ್ಟುವ ತನಕ ಕೂಸು ಮಲಗಬಾರದು

ನನ್ನ ದನಿ ದೊಡ್ಡದು. ಇದೇನು ಹೊಗಳಿಕೆಯಲ್ಲ, ಉದ್ಯೋಗದ ಗುರುತು. ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿ ಮೇಲೆ ವಿಜಯಪುರಕ್ಕೆ ಹೋಗುವ ಸರಕಾರಿ ಬಸ್ಸಿನಲ್ಲಿ ನಾನು ಕಂಡಕ್ಟರ್. ಹೆಂಗಸರಿಗೆ ಟಿಕೆಟ್ ಪುಕ್ಕಟೆ ಆದ ಮೇಲಂತೂ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಿಂದಿನ ಬಾಗಿಲಲ್ಲಿ ನಿಂತು ಕೂಗಿದ್ದು ಮುಂದೆ ಕೂತ ಡ್ರೈವರ್‌ಗೆ ಕೇಳದಿದ್ದರೆ ನಮ್ಮ ಕೆಲಸ ನಡೆಯುವುದಿಲ್ಲ. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಈ ದನಿಯೇ ಮುಟ್ಟುತ್ತಿಲ್ಲ ಎಂಬುದು ಖಚಿತವಾಗಲು ಮೂರೂವರೆ ತಿಂಗಳು ಹಿಡಿಯಿತು. ಅದರಲ್ಲಿ ಕೊನೆಯ ಎರಡು ವಾರ ನಮ್ಮ ಮನೆಯಿಂದಲೇ ಹಾಳಾದದ್ದು. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆಯುವುದಾದರೆ ಬರೆಯುವುದೇ ಬೇಡ ಅನ್ನಿಸಿ ಎಲ್ಲವನ್ನೂ ಬರೆಯುತ್ತಿದ್ದೇನೆ.

ಬರೆಯಲು ಕಾರಣವೂ ಬಸ್ಸೇ. ಆಗಾಗ ಯಾವಳೋ ಒಬ್ಬ ಎಳೆಯ ತಾಯಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಕೈಯಲ್ಲಿ ಮಡಿಸಿದ ಒಂದು ಚೀಟಿ ಹಿಡಿದು ಹತ್ತುತ್ತಾಳೆ. ಆ ಚೀಟಿ ಯಾವುದೆಂದು ನನಗೆ ದೂರದಿಂದಲೇ ಗೊತ್ತಾಗುತ್ತದೆ. ಅವಳ ಪಕ್ಕ ಕೂತು ಎರಡು ಮಾತಾಡೋಣವೆಂದರೆ ಅಷ್ಟರಲ್ಲಿ ಮುಂದಿನ ಸ್ಟಾಪ್ ಬಂದಿರುತ್ತದೆ.

ಮೊದಲು ನಮ್ಮ ಮನೆಯ ಸಂಬಂಧ ಹೇಳಿಬಿಡುತ್ತೇನೆ. ನಾನು ಮದುವೆಯಾದದ್ದು ನನ್ನ ಅವ್ವನ ತಮ್ಮನನ್ನು. ಹಾಗಾಗಿ ಅವ್ವನ ತಾಯಿ, ಅಂದರೆ ನನ್ನ ಆಯಿ, ನನಗೆ ಅತ್ತೆಯೂ ಹೌದು. ಈ ಮದುವೆ ಗಟ್ಟಿ ಮಾಡಿದವಳು ಆಯಿಯೇ. "ಹೊರಗಿನ ಹುಡುಗಿ ತಂದು ಮನಿ ಮುರಕೊಳ್ಳೂದ್ಯಾಕ, ನಮ್ಮ ಸುವರ್ಣಾನ ಅದಾಳಲ್ಲ" ಎಂದಿದ್ದಳು. ನನಗೂ ಮನಸ್ಸಿತ್ತು, ಸುಳ್ಳು ಹೇಳುವುದಿಲ್ಲ. ಮದುವೆಯಾದರೂ ಗಂಡನನ್ನು ಮಾಮಾ ಎಂದೇ ಕರೆಯುತ್ತೇನೆ. ಅವನಿಗೆ ನಾಲತವಾಡದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಪಂಪುಗಳನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ನಾನು ಎಷ್ಟು ಮಾತಾಡುತ್ತೇನೋ ಅವನು ಅಷ್ಟು ಸುಮ್ಮನಿರುತ್ತಾನೆ, ಸಂಸಾರ ಸರಿ ತೂಗುತ್ತದೆ.

ಚೊಚ್ಚಲ ಬಾಣಂತನ ತವರಿನಲ್ಲಿ. ಅವ್ವನ ಊರು ಸಿಂದಗಿ ಹತ್ತಿರದ ಕನ್ನೊಳ್ಳಿ, ಹೆರಿಗೆ ಸಿಂದಗಿಯಲ್ಲಿ. ಎರಡನೆಯ ದಿನ ಬೆಳಿಗ್ಗೆ ಒಬ್ಬ ಹುಡುಗಿ ಅಂಗೈಯಷ್ಟು ಮಶೀನು ಹಿಡಿದು ವಾರ್ಡಿಗೆ ಬಂದಳು. ಕೂಸಿನ ಕಿವಿಗೆ ಸಣ್ಣ ರಬ್ಬರಿನ ಬಿರಡೆ ಇಟ್ಟು ಮಶೀನನ್ನೇ ನೋಡುತ್ತ ನಿಂತಳು. ಪಕ್ಕದ ಮಂಚದ ಕೂಸಿಗೆ ಬೇಗ ಮುಗಿಯಿತು. ನಮ್ಮದಕ್ಕೆ ಒಂದು ಕಿವಿ, ಇನ್ನೊಂದು ಕಿವಿ, ಮತ್ತೆ ಮೊದಲನೆಯ ಕಿವಿ. ಟಿಕೆಟ್ ಮಶೀನು ಕೈಕೊಟ್ಟಾಗ ನಾನೂ ಹೀಗೆಯೇ ಒತ್ತಿದ ಗುಂಡಿಯನ್ನೇ ಮತ್ತೆ ಮತ್ತೆ ಒತ್ತುತ್ತೇನೆ. ಅದಕ್ಕೇ ನಾನು ಎದ್ದು ಕೂತೆ.

"ರೆಫರ್ ಅಂತ ಬಂದೈತ್ರಿ ಅಕ್ಕಾರ," ಎಂದಳು. "ಅಂಜಬ್ಯಾಡ್ರಿ. ಇನ್ನೊಮ್ಮೆ ನೋಡಬೇಕು, ಅಷ್ಟ. ಹುಟ್ಟಿದ ಹೊಸದಾಗ ಕಿವ್ಯಾಗ ನೀರು ಗೀರು ಇರತೈತಿ. ಒಂದು ತಿಂಗಳ ಬಿಟ್ಟು ಕರಕೊಂಡು ಬರ್ರಿ. ಆದ್ರ ಮರೀಬ್ಯಾಡ್ರಿ."

ಅಂಜಬೇಡಿ ಎಂದವಳು ಮರೆಯಬೇಡಿ ಎಂದೂ ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಕನ್ನೊಳ್ಳಿಯ ಮನೆಗೆ ಬಂದ ದಿನದಿಂದ ನನಗೆ ಒಂದೇ ಕೆಲಸ. ಕೂಸು ಮಲಗಿರುವಾಗ ಚಪ್ಪಾಳೆ ತಟ್ಟುವುದು, ಚಮಚದಿಂದ ತಂಬಿಗೆ ಬಡಿಯುವುದು. ಒಮ್ಮೆ ಬೆದರಿ ಕೈಕಾಲು ಅಲುಗಿಸುತ್ತಿದ್ದ, ಮೂರು ಸಲ ಅಲುಗುತ್ತಿರಲಿಲ್ಲ. ಆ ಒಂದು ಸಲಕ್ಕಾಗಿ ದೇವರಿಗೆ ಕೈ ಮುಗಿಯುತ್ತಿದ್ದೆ. ಅವ್ವ ನೋಡಿ ನೋಡಿ ಬೇಸತ್ತು, "ಬಾಣಂತಿ ಅದೀಯೋ ಬ್ಯಾಂಡಿನಾಕಿ ಅದೀಯೋ. ಅದನ್ನ ಮಲಗಾಕ ಬಿಡವ್ವ" ಎಂದು ತಂಬಿಗೆ ಕಸಿದುಕೊಂಡಳು. ಆದರೆ ಅವ್ವನೂ ಎರೆಯುವಾಗ ಕೂಸಿನ ಕಿವಿಗೆ ಎರಡು ಹನಿ ಎಣ್ಣೆ ಬಿಡುವುದನ್ನು ಅವತ್ತೇ ನಿಲ್ಲಿಸಿದ್ದಳು. ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿದೆವು. ನಮ್ಮಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಹೇಳಬೇಕು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ನಮ್ಮ ಮನೆಯಲ್ಲಿ ಸೋದರತ್ತೆಯೂ ಅವ್ವನೇ, ಮಾಮಾನ ಅಕ್ಕ ಅವಳೇ ಅಲ್ಲವೇ. ಅವ್ವ ಬಗ್ಗಿ, "ಕುರ್ರ್, ಶರಣು" ಎಂದಳು. ಗುದ್ದು ಬಿದ್ದವು, ನಗು ಎದ್ದಿತು. ಅವ್ವ ಏಳಲಿಲ್ಲ. ಇನ್ನೊಂದು ಕಿವಿಗೆ ಬಾಯಿ ಹಚ್ಚಿ ಮತ್ತೂ ಜೋರಾಗಿ ಹೇಳಿದಳು. ಮತ್ತೆ ಮೊದಲನೆಯ ಕಿವಿಗೆ. ಶರಣು ಬಾಯಿ ತೆರೆದು ಮಲಗಿದವನು ಮಲಗಿಯೇ ಇದ್ದ. "ಹೆಸರು ಮೂರು ಸರ್ತಿ ಹೇಳಿದ್ರ ಗುದ್ದೂ ಮೂರು ಪಟ್ಟು" ಎಂದು ನೆರೆಯವರು ನಗುತ್ತ ಗುದ್ದಿದರು. ಅವ್ವ ಏಳುವಾಗ ಅವಳ ಕಣ್ಣು ನನ್ನ ಕಡೆ ಬರಲಿಲ್ಲ.

ತಿಂಗಳಾದ ಮೇಲೆ ಸಿಂದಗಿಗೆ ಹೋದಾಗ ನಾಲತವಾಡದಿಂದ ಆಯಿಯೂ ಬಂದಿದ್ದಳು. ಅದೇ ಹುಡುಗಿ, ಅದೇ ಮಶೀನು, ಅದೇ ರೆಫರ್. ಈ ಸಲ ಅವಳು ಅಂಜಬೇಡಿ ಎನ್ನಲಿಲ್ಲ, ಒಳಗಿನ ಡಾಕ್ಟರ್ ಹತ್ತಿರ ಕಳಿಸಿದಳು. ಡಾಕ್ಟರ್ ಹೆಚ್ಚು ವಯಸ್ಸಿನವರಲ್ಲ. ಒಂದೊಂದೇ ಕೇಳಿ ಬರೆದುಕೊಳ್ಳುತ್ತಿದ್ದರು. ಕೂಸು ಹುಟ್ಟಿದಾಗ ಅತ್ತಿತೇ, ಕಾಮಾಲೆ ಆಗಿತ್ತೇ, ಬಸುರಿನಲ್ಲಿ ಜ್ವರ ಬಂದಿತ್ತೇ.

"ಗಂಡ ಹೆಂಡ್ತಿ ಸಂಬಂಧದಾಗೇನ್ರಿ?"

"ಹೌದ್ರಿ," ಎಂದು ಆಯಿಯೇ ಮುಂದೆ ಬಂದಳು, ಹೆಮ್ಮೆಯಿಂದ. "ಇಕಿ ನನ್ನ ಮಗಳ ಮಗಳ್ರಿ. ನನ್ನ ಸಣ್ಣ ಮಗಗ ಮಾಡಿಕೊಂಡೇನಿ."

ಡಾಕ್ಟರ್ ಪೆನ್ನು ಒಂದು ಕ್ಷಣ ನಿಂತು, ಏನೋ ಬರೆದು, ಅದರ ಕೆಳಗೆ ಗೆರೆ ಎಳೆಯಿತು. ಆಯಿ ಆ ಗೆರೆಯನ್ನೇ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ವಿಜಯಪುರದ ದೊಡ್ಡ ಆಸ್ಪತ್ರೆಗೆ ಹೋಗಿ ಇನ್ನೊಂದು ಪರೀಕ್ಷೆ ಮಾಡಿಸಬೇಕೆಂದು ಚೀಟಿ ಬರೆದುಕೊಟ್ಟರು. ಹೊರಗೆ ಬೆಂಚಿನ ಮೇಲೆ ಕೂತು ಆಯಿ ಕೇಳಿದಳು, "ಗೆರಿ ಎಳದಾರಲ್ಲ, ಅಲ್ಲೇನ ಬರದಾರ ಓದು." ನಾನು ಸಿಟ್ಟಿನಲ್ಲಿದ್ದೆ, ಇದ್ದದ್ದನ್ನು ಇದ್ದಂತೆ ಓದಿದೆ. ಸಂಬಂಧದಲ್ಲಿ ಮದುವೆ, ತಾಯಿಯ ಸೋದರಮಾವ. ಆಯಿ ಸೆರಗು ತಲೆಯ ಮೇಲೆ ಎಳೆದುಕೊಂಡಳು.

ಆಮೇಲೆ ತಡವಾಗುತ್ತ ಹೋಯಿತು. ಮೂರು ತಿಂಗಳು ತುಂಬದೆ ಅಷ್ಟು ದೂರ ಕೂಸನ್ನು ಒಯ್ಯಬಾರದೆಂದು ಅವ್ವ. ಮಾಮಾ ಮೂರು ವರ್ಷದ ತನಕ ಮಾತಾಡಿರಲಿಲ್ಲ, ಅವನ ಮಗನೂ ಹಾಗೇ ಎಂದು ಆಯಿ. ಬಸ್ಸು ಐದು ನಿಮಿಷ ತಡವಾದರೆ ಡಿಪೋದಲ್ಲಿ ಜಗಳ ತೆಗೆಯುವ ನಾನು, ಇದಕ್ಕೆ ಬಾಯಿ ಮುಚ್ಚಿಕೊಂಡು ಕೂತೆ. ಯಾಕೆಂದರೆ ಹೋಗದಿದ್ದಷ್ಟು ದಿನ ಅವನಿಗೆ ಕೇಳುತ್ತದೆ ಎಂದುಕೊಳ್ಳಬಹುದಿತ್ತು.

ನನ್ನೊಳಗೆ ಇನ್ನೊಂದು ಹೆದರಿಕೆಯಿತ್ತು, ಯಾರಿಗೂ ಹೇಳಿರಲಿಲ್ಲ. ಎಂಟು ತಿಂಗಳು ತುಂಬುವವರೆಗೆ ನಾನು ಡ್ಯೂಟಿ ಮಾಡಿದ್ದೆ. ಎಂಜಿನ್ನಿನ ಪಕ್ಕದಲ್ಲಿ ನಿಂತು, ಹಾರ್ನಿನ ನಡುವೆ, ದಿನವಿಡೀ ಸೀಟಿ ಊದುತ್ತ. ಹೊಟ್ಟೆಯಲ್ಲೇ ಅವನ ಕಿವಿ ಕೆಡಿಸಿದೆನೇನೋ ಎಂದು ಯೋಚಿಸುತ್ತಿದ್ದೆ.

ಮೂರು ತಿಂಗಳಿಗೆ ನಾಲತವಾಡದ ಗಂಡನ ಮನೆಗೆ ಬಂದೆ. ಬಂದ ಮಾರನೆಯ ದಿನವೇ ನನ್ನ ಕಂಡಕ್ಟರ್ ಚೀಲದಿಂದ ಸೀಟಿ ತೆಗೆದೆ. ಆಯಿ ನೀರಿಗೆ ಹೋಗಿದ್ದಳು. ಶರಣು ತೊಟ್ಟಿಲಲ್ಲಿ ಅಂಗಾತ ಮಲಗಿ ತನ್ನ ಮುಷ್ಟಿಯನ್ನು ನೋಡುತ್ತಿದ್ದ. ಅವನಿಗೆ ಕಾಣದಂತೆ ತಲೆಯ ಹಿಂದೆ ನಿಂತು, ಒಂದು ಬಸ್ಸು ನಿಲ್ಲಿಸುವಷ್ಟು ಜೋರಾಗಿ ಊದಿದೆ. ಎದುರು ಮನೆಯ ನಾಯಿ ಎದ್ದು ಬೊಗಳಿತು. ಆಯಿ ಕೊಡ ಹಿಡಿದುಕೊಂಡೇ ಓಡಿಬಂದಳು. ಶರಣು ಮುಷ್ಟಿಯನ್ನು ಬಾಯಿಗೆ ಹಾಕಿಕೊಂಡ. ನಾನು ಸೀಟಿಯನ್ನು ಚೀಲದ ತಳಕ್ಕೆ ತುರುಕಿದೆ. ಆಯಿ ಬಾಗಿಲಲ್ಲಿ ನಿಂತವಳು ನನ್ನನ್ನೂ ಕೂಸನ್ನೂ ನೋಡಿ ಒಳಗೆ ಹೋದಳು.

ಅವತ್ತೇ ಮಾಮಾ ವಿಜಯಪುರಕ್ಕೆ ಫೋನ್ ಮಾಡಿ ದಿನ ಗೊತ್ತು ಮಾಡಿದ. ಅತ್ತ ಕಡೆಯಿಂದ ಪರೀಕ್ಷೆ ಮಾಡುವ ಮೇಡಂ ತಿಳಿಸಿ ಹೇಳಿದರು. ಈ ಪರೀಕ್ಷೆಗೆ ಕೂಸು ಗಾಢವಾಗಿ ಮಲಗಿರಬೇಕು. "ಇಷ್ಟು ಸಣ್ಣ ಕೂಸಿಗೆ ಔಷಧ ಕೊಟ್ಟು ಮಲಗಿಸೂದು ಬ್ಯಾಡ, ತಾನಾಗಿ ಮಲಗಲಿ. ನಸುಕಿನ್ಯಾಗ ಎಬ್ಬಿಸ್ರಿ. ಇಲ್ಲಿ ಮುಟ್ಟೂತನಕ ಮಲಗಬಾರದು. ತಲಿಗೆ ಎಣ್ಣಿ ಹಚ್ಚಬ್ಯಾಡ್ರಿ, ವಾಯರ್ ಅಂಟಂಗಿಲ್ಲ. ಇಲ್ಲಿ ಬಂದ ಮ್ಯಾಲ ಹೊಟ್ಟಿ ತುಂಬ ಹಾಲು ಕುಡಿಸ್ರಿ, ಅದು ಮಲಗತೈತಿ, ನಾವು ನಮ್ಮ ಕೆಲಸ ಮಾಡ್ತೇವಿ."

ಕೇಳಲು ಸುಲಭ. ನಾಲತವಾಡದಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಮೂರು ತಾಸು. ಬಸ್ಸಿನ ತೂಗಾಟಕ್ಕೆ ಕಟ್ಟುಮಸ್ತಾದ ಗಂಡಸರೇ ಪಕ್ಕದವರ ಹೆಗಲ ಮೇಲೆ ಬಾಯಿ ಬಿಟ್ಟುಕೊಂಡು ಮಲಗುವುದನ್ನು ದಿನಾ ನೋಡುವವಳು ನಾನು. ಮೂರು ತಿಂಗಳ ಕೂಸನ್ನು ಎಚ್ಚರ ಇಡುವುದು ಹೇಗೆ.

ಹೋಗುವ ದಿನ ಊರಿನ ಕುಡಿಯುವ ನೀರಿನ ಮೋಟಾರು ಸುಟ್ಟು ಮಾಮಾ ಬರಲಾಗಲಿಲ್ಲ. ಆಯಿ ಮತ್ತು ನಾನು ಹೊರಟೆವು. ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಿ ಕಿಟಕಿಯ ಪಕ್ಕ ಕೂತೆವು. ನಾನು ಶರಣುವಿನ ಅಂಗಾಲಿಗೆ ಬೆರಳಿನಿಂದ ತಟ್ಟುತ್ತ, ಒದ್ದೆ ಬಟ್ಟೆಯಿಂದ ಮುಖ ಒರೆಸುತ್ತ ಕೂತೆ. ಅವನು ಅಳತೊಡಗಿದಾಗ ಬಸ್ಸಿನ ಹೆಂಗಸರೆಲ್ಲ ನನ್ನನ್ನು ರಾಕ್ಷಸಿಯನ್ನು ನೋಡಿದಂತೆ ನೋಡಿದರು. "ಹಡದಾಕಿ ನೀನ ಏನವಾ? ಕೊಡಿಲ್ಲಿ, ಒಂದ ಗಳಿಗ್ಯಾಗ ಮಲಗಿಸ್ತೇನಿ" ಎಂದು ನಾಲ್ಕು ಜನ ಕೈ ಚಾಚಿದರು. ಪ್ರತಿಯೊಬ್ಬರಿಗೂ ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಡ್ಯೂಟಿಯ ದಿನದಷ್ಟೇ ಒಣಗಿತು.

ಅರ್ಧ ದಾರಿಯಲ್ಲಿ ಜಗಳ ಹತ್ತಿತು. ಒಬ್ಬ ಹೆಂಗಸು ಕಿಟಕಿಯಿಂದ ಟವೆಲ್ ಎಸೆದು ಹಿಡಿದಿದ್ದ ಸೀಟಿನಲ್ಲಿ ಇನ್ನೊಬ್ಬಳು ಕೂತಿದ್ದಳು. ಆ ಬಸ್ಸಿನ ಕಂಡಕ್ಟರ್ ಹೊಸಬ, ಇಬ್ಬರ ನಡುವೆ ಸಿಕ್ಕು ಬೆವರುತ್ತಿದ್ದ. ಊರ ಉಸಾಬರಿ ನನಗೇಕೆ ಎಂದು ಕೂರಬೇಕಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. "ಆಯಿ, ಇವನ್ನ ಹಿಡಿ. ಮಲಗಾಕ ಬಿಡಬ್ಯಾಡ" ಎಂದು ಕೂಸನ್ನು ಅವಳ ತೊಡೆಗೆ ಹಾಕಿ ಎದ್ದೆ. ಟವೆಲ್ಲಿಗೆ ಸೀಟು ಸಿಗುವುದಿಲ್ಲ, ಮನುಷ್ಯರಿಗೆ ಸಿಗುತ್ತದೆ ಎಂದು ನ್ಯಾಯ ಹೇಳಿದೆ, ಇಬ್ಬರನ್ನೂ ಒತ್ತೊತ್ತಾಗಿ ಕೂರಿಸಿದೆ. ಆ ಹೊಸ ಕಂಡಕ್ಟರ್ ಏನೇನೋ ಕೇಳಿದ, ಅದಕ್ಕೂ ಹೇಳಿದೆ. ವಾಪಸು ಬಂದಾಗ ಬಾಗೇವಾಡಿ ಬಂದಿತ್ತು. ಶರಣು ಆಯಿಯ ಎದೆಗೆ ತಲೆ ಒತ್ತಿಕೊಂಡು ಗಾಢವಾಗಿ ಮಲಗಿದ್ದ. ಆಯಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಬಸ್ಸಿನ ತೂಗಾಟಕ್ಕ ಮಲಗೇತವ್ವ" ಎಂದಳು.

ಅಲುಗಾಡಿಸಿದೆ, ನೀರು ಚಿಮುಕಿಸಿದೆ, ಕುಂಚಿಗೆ ಬಿಚ್ಚಿದೆ. ಕಣ್ಣು ತೆರೆದು ಮತ್ತೆ ಮುಚ್ಚಿದ. ಮನಗೂಳಿ ದಾಟಿತು, ವಿಜಯಪುರ ಬಂತು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಸರಿಯಾಗಿ ಕಣ್ಣು ಬಿಟ್ಟು ನನ್ನನ್ನು ನೋಡಿ ನಕ್ಕ. ಅಂಥ ನಗು ನೋಡಿ ಅಳು ಬಂದದ್ದು ಅದೇ ಮೊದಲು.

ಕಾಯುವ ಕೋಣೆಯಲ್ಲಿ ಹಾಲು ಕುಡಿಸಿದೆ, ತೂಗಿದೆ, ವರಾಂಡದಲ್ಲಿ ನಡೆದಾಡಿದೆ. ಅವನು ಸೀಲಿಂಗಿನ ಫ್ಯಾನನ್ನು ನೋಡುತ್ತ ಕೈಕಾಲು ಬಡಿಯುತ್ತಿದ್ದ. ನಮ್ಮ ನಂಬರ್ ಹೋಯಿತು, ಹಿಂದಿನವರು ಮುಂದೆ ಹೋದರು. ಪಕ್ಕದಲ್ಲಿ ಇಂಡಿ ಕಡೆಯ ಒಬ್ಬ ಹೆಂಗಸು ನಾಲ್ಕು ವರ್ಷದ ಮಗಳನ್ನು ಕರೆತಂದಿದ್ದಳು. ಹುಡುಗಿಯ ಎರಡೂ ಕಿವಿಯ ಹಿಂದೆ ಹೊಸ ಮಶೀನುಗಳು. "ನಮಗ ಯಾರೂ ಹೇಳಲಿಲ್ರಿ," ಎಂದಳು ಆಕೆ. "ಮಾತು ತಡಾ ಬರತಾವ ಅಂದ್ರು, ಕುಂತ್ವಿ. ಈಗ ಮೇಡಮ್ಮಾರು ಅಂತಾರ, ಅಷ್ಟು ವರ್ಷದ ಮಾತು ಈಕಿ ಈಗ ಒಮ್ಮೆಲೆ ಕಲೀಬೇಕು ಅಂತ. ನೀವು ಪುಣ್ಯವಂತರು, ಕೂಸಿದ್ದಾಗನ ಬಂದೀರಿ." ನನ್ನ ತೋಳು ಸೋತದ್ದು ನೋಡಿ ಶರಣುವನ್ನು ಎತ್ತಿಕೊಂಡು ತಾನೂ ಅರ್ಧ ತಾಸು ತಿರುಗಾಡಿದಳು. ಅವಳ ಹೆಸರು ಕೇಳಲು ಮರೆತೆ. ಆ ಅರ್ಧ ತಾಸನ್ನು ಮರೆತಿಲ್ಲ.

ಮಧ್ಯಾಹ್ನದ ಮೇಲೆ ಒಂದು ಸಲ ಒಳಗೆ ಕರೆದರು. ಹಣೆಗೂ ಕಿವಿಯ ಹಿಂದೆಯೂ ಅಂಟಿಸಿದ ತಂತಿಗಳನ್ನು ಶರಣು ಕಿತ್ತು ಹಾಕಿದ. ಇನ್ನೊಂದು ದಿನ ಕೊಟ್ಟರು, ಎರಡು ವಾರದ ಮೇಲೆ.

ಆ ಎರಡು ವಾರ ನಾನು ಅನ್ನ ತಿಂದದ್ದು ನೆನಪಿಲ್ಲ. ಇಂಡಿಯ ಹೆಂಗಸಿನ ಮಾತು ಕಿವಿಯಲ್ಲಿತ್ತು, ದಿನಗಳು ಬೆರಳ ಸಂದಿಯಿಂದ ಜಾರುತ್ತಿದ್ದವು. ಆಯಿ ಮಾತ್ರ ದಿನಾ ಮಧ್ಯಾಹ್ನ ಶರಣುವನ್ನು ಎದೆಗೆ ಒತ್ತಿಕೊಂಡು ಜೋಗುಳ ಹಾಡುತ್ತಿದ್ದಳು. ಅವನು ಬೆರಳುಗಳನ್ನು ಅವಳ ಗಂಟಲಿನ ಮೇಲಿಟ್ಟು ಗಳಿಗೆಯಲ್ಲಿ ಮಲಗುತ್ತಿದ್ದ. "ನನ್ನ ಹಾಡು ಕೇಳೇ ಮಲಗ್ತಾನ, ನೋಡು" ಎನ್ನುತ್ತಿದ್ದಳು. ನಾನೂ ನಂಬಲು ನೋಡಿದೆ. ಆಮೇಲೆ ಒಂದು ದಿನ ತೊಟ್ಟಿಲಲ್ಲಿ ಮಲಗಿಸಿ, ಮುಟ್ಟದೆ ಅದೇ ಹಾಡು ಹಾಡಿದೆ. ಅವನು ಅತ್ತೇ ಅತ್ತ.

ಒಂದು ಮಧ್ಯಾಹ್ನ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದೆವು. ಆಯಿ ಮೊರದಿಂದ ತಲೆ ಎತ್ತದೆ ಹೇಳಿದಳು.

"ಅವತ್ತು ಬಸ್ಸಿನ್ಯಾಗ ಕೂಸು ತಾನ ಮಲಗಲಿಲ್ಲ. ನಾನ ಮಲಗಿಸಿದ್ನಿ."

ನನಗೆ ಅರ್ಥವಾಗಲಿಲ್ಲ.

"ನೀ ಎದ್ದು ಹೋದಿ. ಅದು ನನ್ನ ಮಾರಿ ನೋಡಾಕತ್ತಿತ್ತು. ಆ ಚೀಟ್ಯಾಗ ಡಾಕ್ಟರು ಗೆರಿ ಎಳದಾರಲ್ಲ, ಅದು ನಂದ ತಪ್ಪು ಅಂತ ಎಳದದ್ದು. ಮಶೀನು ಕೇಳಂಗಿಲ್ಲ ಅಂತಂದ್ರ, ನಾ ಮಾಡಿದ್ದು ಅಂತ ಖರೇ ಆಕ್ಕೈತಿ. ಇನ್ನೊಂದೀಟು ದಿನ ತಿಳೀದ ಇರಲಿ ಅನಿಸ್ತು. ಎದಿಗೆ ಹಚ್ಚಿಕೊಂಡು ಹಾಡಿದ್ನಿ. ಮಲಗಿತು."

ಸಿಟ್ಟು ಬಂದರೆ ನಾನು ಕೂಗುವವಳು. ಅವತ್ತು ನನ್ನ ದನಿ ಏರಲೇ ಇಲ್ಲ. ಮೆಲ್ಲಗೆ, ಒಂದೊಂದೇ ಶಬ್ದ ಆರಿಸಿ ಹೇಳಿದೆ, "ನಿನ್ನ ಮನಿ ಮುರೀಬಾರದು ಅಂತ ನನ್ನ ಇಲ್ಲಿ ಕಟ್ಟಿದಿ. ಈಗ ನಿನ್ನ ಮಾನ ಹೋಗಬಾರದು ಅಂತ ನನ್ನ ಕೂಸಿನ ದಿನಗಳ್ನ ಕದ್ದಿ." ಆಯಿ ಮೊರ ಕೆಳಗಿಟ್ಟಳು. ಎಪ್ಪತ್ತು ವರ್ಷದ ಮುದುಕಿ, ನನ್ನನ್ನು ಎತ್ತಿ ಆಡಿಸಿದವಳು. ಆ ಮಾತನ್ನು ನಾನು ಇವತ್ತಿಗೂ ವಾಪಸು ತೆಗೆದುಕೊಂಡಿಲ್ಲ. ಆಡಿದ್ದಕ್ಕೆ ನಾಚಿಕೆಯಿದೆ, ಸುಳ್ಳು ಆಡಿದೆ ಅನ್ನಿಸುವುದಿಲ್ಲ.

ಸಂಜೆ ಅವ್ವನಿಗೆ ಫೋನ್ ಮಾಡಿ ದೂರು ಹೇಳಿದೆ. ಅವ್ವ, "ನಿಮ್ಮಾಯಿದು ತಪ್ಪಲ್ಲವಾ. ಆ ಹುಡುಗಿ ಮಶೀನು ಹಚ್ಚೂಕಿಂತ ಮೊದಲ ನಾನ ಕಿವಿಗೆ ಎಣ್ಣಿ ಬಿಟ್ಟಿದ್ನಿ. ಹುಟ್ಟಿದ ದಿನಾನ" ಎಂದು ಅಳತೊಡಗಿದಳು. ಆಗ ನಾನೂ ಬಸ್ಸಿನ ಸದ್ದಿನ ಮಾತು ಹೊರಗೆ ಹಾಕಿದೆ. ಮೂವರು ಹೆಂಗಸರು ಮೂರು ತಿಂಗಳಿಂದ ಒಂದೇ ತಪ್ಪನ್ನು ಒಬ್ಬರಿಗೊಬ್ಬರು ಕಾಣದಂತೆ ಹೊತ್ತುಕೊಂಡು ತಿರುಗುತ್ತಿದ್ದೆವು. ಹೇಳಿಕೊಂಡ ಮೇಲೂ ಹಗುರವೇನೂ ಆಗಲಿಲ್ಲ. ಪರೀಕ್ಷೆಗೆ ಇನ್ನೂ ನಾಲ್ಕು ದಿನವಿತ್ತು.

ಆ ನಾಲ್ಕು ದಿನ ಆಯಿ ಕೂಸನ್ನು ಮುಟ್ಟಲಿಲ್ಲ. ನಾನೂ ಕೊಡಲಿಲ್ಲ. ಈ ಸಲ ಮಾಮಾನೇ ಬರುವವನಿದ್ದ, ಆಯಿಯನ್ನು ಯಾರೂ ಕರೆದಿರಲಿಲ್ಲ. ಬೆಳಗಾಗುವ ಮುಂಚೆ ಶರಣುವನ್ನು ಎಬ್ಬಿಸಿ ಹೊರಗೆ ಬಂದರೆ, ಆಯಿ ಕೈಚೀಲ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ಏನೂ ಕೇಳಲಿಲ್ಲ. ಮಾಮಾ ನನ್ನ ಕಡೆ ನೋಡಿದ. ನಾನು ಮುಂದೆ ನಡೆದೆ, ಅವಳು ಹಿಂದೆ ಬಂದಳು.

ಮುದ್ದೇಬಿಹಾಳ ದಾಟಿದ್ದೇ ಶರಣುವಿನ ಕಣ್ಣು ಎಳೆಯತೊಡಗಿತು. ನನ್ನ ತೋಳು, ಮಾಮಾನ ತೋಳು, ಎಲ್ಲಿ ಇಟ್ಟರೂ ಕುತ್ತಿಗೆ ಜೋಲುತ್ತಿತ್ತು. ಆಗ ಆಯಿ ಕೈ ಚಾಚಿದಳು. ಕೊಡಬೇಕೋ ಬೇಡವೋ ಎಂದು ನನ್ನ ಜೀವ ಎಳೆದಾಡಿತು. ಕೊಟ್ಟೆ.

ಆಯಿ ಅವನನ್ನು ಎದೆಗೆ ಹಚ್ಚಿಕೊಳ್ಳಲಿಲ್ಲ. ತನಗೆ ಎದುರಾಗಿ ತೊಡೆಯ ಮೇಲೆ ನಿಲ್ಲಿಸಿದಂತೆ ಹಿಡಿದಳು, ಮೈಗೆ ಮೈ ತಾಗಬಾರದು. ಕಣ್ಣು ಮುಚ್ಚಿದರೆ ಮುಖಕ್ಕೆ ಉಫ್ ಎಂದು ಊದುವಳು, ಕೊರಳಿನ ಬೋರಮಳ ಸರ ಅವನ ಮೂಗಿನ ಮುಂದೆ ತೂಗಿಸುವಳು, ನಾಲಿಗೆ ಹೊರಹಾಕುವಳು, ತಲೆಯ ಮೇಲಿನ ಸೆರಗು ಮುಚ್ಚಿ ತೆರೆಯುವಳು. ಬಸ್ಸಿನ ಹೆಂಗಸರು ಕೈ ಚಾಚಿದರೆ, "ಯಾರೂ ಮುಟ್ಟಬ್ಯಾಡ್ರಿ, ನಮ್ಮ ಹುಡುಗ ಪರೀಕ್ಷಾಕ್ಕ ಹೊಂಟಾನ" ಎಂದು ಗದರಿಸಿದಳು. ತಲೆಗೂದಲು ನೆರೆತವಳು ಅಷ್ಟು ಜನರ ಮುಂದೆ ಮಂಗನಂತೆ ಮುಖ ಮಾಡುತ್ತ ಎರಡು ತಾಸು ತೋಳು ಇಳಿಸಲಿಲ್ಲ. ಬಾಗೇವಾಡಿ ಬಂದಿತು. ನಾನು ಕೊಡು ಎಂದೆ. ಕೊಡಲಿಲ್ಲ.

ಆಸ್ಪತ್ರೆಯಲ್ಲಿ ಹಾಲಿಗೆ ಬಾಯಿ ಹಚ್ಚಿದವನು ಕುಡಿಯುತ್ತಲೇ ಮಲಗಿದ. ಮೇಡಂ ತಂತಿ ಅಂಟಿಸಿ, ಕಿವಿಗೆ ಸಣ್ಣ ನಳಿಗೆ ಇಟ್ಟು, ದೀಪ ಸಣ್ಣದು ಮಾಡಿದರು. ಪರದೆಯ ಮೇಲೆ ಗೆರೆಗಳು ಓಡತೊಡಗಿದವು. ನನಗೆ ಅವು ಅರ್ಥವಾಗುವಂತಿರಲಿಲ್ಲ, ಆದರೂ ಒಂದು ಗೆರೆ ಏಳಲಿ ಎಂದು ಉಸಿರು ಹಿಡಿದು ನೋಡಿದೆ. ಮೇಡಂ ಸದ್ದು ಏರಿಸುತ್ತ ಹೋದರು. ಗೆರೆಗಳು ಮಲಗಿದ ಕೂಸಿನಂತೆಯೇ ಸುಮ್ಮನಿದ್ದವು. ಬಹಳ ಮೇಲೆ ಹೋದ ಮೇಲೆ ಒಂದು ಸಣ್ಣ ಉಬ್ಬು ಕಂಡಿತು. ಮೇಡಂ ಅಲ್ಲಿ ಬೆರಳು ಇಟ್ಟು ಗುರುತು ಮಾಡಿಕೊಂಡರು.

ಎರಡೂ ಕಿವಿ. ಬಹಳ ಕಡಿಮೆ ಕೇಳುತ್ತದೆ, ಪೂರ್ತಿ ಇಲ್ಲವೆಂದಲ್ಲ. ಅಷ್ಟು ಕೇಳಿ ಮುಂದಿನದು ನನಗೆ ಕೇಳಲಿಲ್ಲ. ಮಾಮಾ ಎಂದೂ ಮೊದಲು ಮಾತಾಡದವನು, "ಸುಟ್ಟ ವೈಂಡಿಂಗ್ ನಾವು ಬಿಚ್ಚಿ ಮತ್ತ ಸುತ್ತತೇವ್ರಿ. ಇದಕ್ಕ ಹಂಗ ಬರಂಗಿಲ್ಲೇನ್ರಿ?" ಎಂದು ಕೇಳಿದ. ಬರುವುದಿಲ್ಲ, ಆದರೆ ಮಶೀನು ಹಾಕಿ ಸದ್ದನ್ನೇ ದೊಡ್ಡದು ಮಾಡಿ ಒಳಗೆ ಕಳಿಸಬಹುದು, ಸಾಲದಿದ್ದರೆ ಮುಂದೆ ಬೇರೆ ದಾರಿಯೂ ಇದೆ ಎಂದರು ಮೇಡಂ.

ಆಯಿ ಬಾಗಿಲ ಹತ್ತಿರ ನಿಂತೇ ಇದ್ದಳು. "ಅಕ್ಕಾರ, ಇದು ಸಂಬಂಧದಾಗ ಮದುವಿ ಮಾಡಿದ್ದಕ್ಕ ಆತೇನ್ರಿ? ಮುಚ್ಚಿಡಬ್ಯಾಡ್ರಿ" ಎಂದಳು. ಅವ್ವನ ಎಣ್ಣೆಯದನ್ನೂ ನನ್ನ ಬಸ್ಸಿನ ಸದ್ದಿನದನ್ನೂ ನಾನು ಜೊತೆಗೇ ಕೇಳಿದೆ.

ಮೇಡಂ ಖುರ್ಚಿ ತಿರುಗಿಸಿ ಆಯಿಯನ್ನೇ ನೋಡಿ ಹೇಳಿದರು. "ಎಣ್ಣಿಯಿಂದ ಆಗಿಲ್ಲ, ಬಸ್ಸಿನಿಂದ ಆಗಿಲ್ಲ. ಸಂಬಂಧದಾಗ ಆದ್ರ ಇಂಥದ್ದು ಆಗೂ ಸಾಧ್ಯತಾ ಹೆಚ್ಚು, ಅದು ಖರೇ. ಇವಂಗ ಅದರಿಂದನ ಆಗೈತಿ ಅಂತ ಹೇಳಾಕ ನನಗ ಬರಂಗಿಲ್ಲ ಆಯಿ. ಸಂಬಂಧ ಇಲ್ಲದವರ ಮಕ್ಕಳೂ ಬರತಾವ ನನ್ನ ಹತ್ರ." ಸ್ವಲ್ಪ ತಡೆದು, "ಇವತ್ತು ಇಷ್ಟು ಚಂದ ಮಲಗ್ಯಾನಲ್ಲ, ದಾರ್‍ಯಾಗ ಯಾರು ಎಚ್ಚರ ಇಟ್ಟಿದ್ರಿ?" ಎಂದು ಕೇಳಿದರು.

"ನಮ್ಮಾಯಿ" ಎಂದೆ ನಾನು. ನಾಲ್ಕು ದಿನದಲ್ಲಿ ಅವಳ ಬಗ್ಗೆ ನಾನಾಡಿದ ಮೊದಲ ಮಾತು ಅದು.

ಮಶೀನು ಬರಲು, ಅಳತೆಗೆ, ಅರ್ಜಿಗೆ ಮತ್ತೆ ತಿಂಗಳು ಹಿಡಿಯಿತು. ಮೊದಲ ಸಲ ಕಿವಿಗೆ ಹಾಕಿ ಚಾಲೂ ಮಾಡಿದಾಗ ಶರಣು ನಗಲಿಲ್ಲ, ಅಳಲೂ ಇಲ್ಲ. ಹಾಲು ಕುಡಿಯುತ್ತಿದ್ದವನು ಚೀಪುವುದನ್ನು ನಿಲ್ಲಿಸಿದ. ನಾನು "ಶರಣು" ಎಂದೆ. ಸುಮ್ಮನಿದ್ದ. ಮತ್ತೆ ಅಂದೆ. ಹುಬ್ಬು ಗಂಟಿಕ್ಕಿ ನನ್ನ ಬಾಯಿಯನ್ನು ನೋಡಿದ. ಅಷ್ಟೇ. ಆ ಗಂಟು ಹುಬ್ಬಿಗಾಗಿ ನಾನು ಸಿಂದಗಿಯಿಂದ ಅಲ್ಲಿಯವರೆಗೆ ಬಂದಿದ್ದೆ.

ಈಗ ಅವನಿಗೆ ಮೂರು ತುಂಬಿದೆ. ಹೆದರಿಕೆ ಹೋಗಿಲ್ಲ. ಬ್ಯಾಟರಿ ಮುಗಿದರೆ, ಮಳೆಗೆ ನೆನೆದರೆ, ಮುಂದೆ ಶಾಲೆಯಲ್ಲಿ ಮಕ್ಕಳು ಕಿತ್ತರೆ, ಹೀಗೆ ದಿನಕ್ಕೊಂದು. ಅವ್ವ ಎನ್ನುವುದು ಸ್ಪಷ್ಟ, ಆಯಿ ಎನ್ನುವುದು ಇನ್ನೂ ಸ್ಪಷ್ಟ. ಬೇರೆ ಕೆಲವು ಮಾತು ನಮಗೆ ಮಾತ್ರ ಗೊತ್ತಾಗುತ್ತವೆ. ನನ್ನ ಸೀಟಿ ಅವನಿಗೆ ಕೇಳುತ್ತದೆ, ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಾನೆ. ದಿನವಿಡೀ ಮಾತಾಡಿಸುತ್ತಿರಬೇಕೆಂದು ಮೇಡಂ ಹೇಳಿದಾಗ ಮಾಮಾ ನನ್ನನ್ನು ನೋಡಿ ನಕ್ಕ. ನಾನು ಡ್ಯೂಟಿಗೆ ಹೋದಾಗ ಆ ಕೆಲಸ ಆಯಿಯದು. ಈಗ ಅವಳು ಯಾರ ಮನೆಯಲ್ಲೂ ಸಂಬಂಧದ ಒಳಗೆ ಹೆಣ್ಣು ಗಂಡು ಜೋಡಿಸುವ ಮಾತಿಗೆ ಕೂರುವುದಿಲ್ಲ, ಎದ್ದು ಬರುತ್ತಾಳೆ.

ಮಾತು ಕಲಿಸುವ ತರಬೇತಿಗೆ ವಾರಕ್ಕೊಮ್ಮೆ ನನ್ನ ರಜೆಯ ದಿನ ವಿಜಯಪುರಕ್ಕೆ ಹೋಗುತ್ತೇವೆ, ಆಯಿ, ಶರಣು, ನಾನು. ಅದೇ ಬಸ್ಸು, ಅದೇ ದಾರಿ. ಹೋಗುವಾಗ ಅವನನ್ನು ಯಾರೂ ಮಲಗಿಸಲಾರರು, ಹಾರ್ನು, ಜಗಳ, ಕಡಲೆಕಾಯಿ ಮಾರುವವರ ಕೂಗು, ಎಲ್ಲದಕ್ಕೂ ಕತ್ತು ತಿರುಗಿಸುತ್ತಾನೆ. ಬರುವಾಗ ಸುಸ್ತಾಗಿರುತ್ತಾನೆ. ಮನಗೂಳಿ ದಾಟಿದ ಮೇಲೆ ತಾನೇ ಎರಡೂ ಮಶೀನು ಬಿಚ್ಚಿ ನನ್ನ ಕೈಗೆ ಕೊಟ್ಟು, ಆಯಿಯ ತೊಡೆಗೆ ಏರಿ, ಅವಳ ಗಂಟಲಿನ ಮೇಲೆ ಅಂಗೈ ಇಡುತ್ತಾನೆ.

ಆಯಿ ಮಾತ್ರ ತಕ್ಷಣ ಹಾಡುವುದಿಲ್ಲ. ಜೀವನದಲ್ಲಿ ಯಾರನ್ನೂ ಯಾವುದಕ್ಕೂ ಕೇಳದೆ ಎಲ್ಲರ ಮದುವೆ ಮುಂಜಿ ತಾನೇ ತೀರ್ಮಾನಿಸಿದ ಹೆಂಗಸು, ನನ್ನ ಕಡೆ ತಿರುಗಿ ಕಾಯುತ್ತಾಳೆ. ಪ್ರತಿ ವಾರವೂ, ಬಾಗೇವಾಡಿ ಬರುವ ಮುಂಚೆ.

"ಸುವರ್ಣಾ, ಮಲಗಿಸ್ಲೇನು?"

"ಮಲಗಿಸು ಆಯಿ" ಎನ್ನುತ್ತೇನೆ. ಆಮೇಲೆ ಅವಳು ಹಾಡುತ್ತಾಳೆ.